ಮಲ್ಲಿತಮ್ಮನ ಸೀಮೆಯಲ್ಲಿ ಹಾಡು ಕಟ್ಟುವವರು

ಹಾಸನ ಜಿಲ್ಲೆಯ ಬಾಣಾವರದಿಂದ ಹೊರಡುವ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಒಬ್ಬನೇ ಮನುಷ್ಯನ ಕೈಗುರುತು ಸಿಗುತ್ತದೆ. ಬಿ.ಎಚ್. ರಸ್ತೆಯಲ್ಲಿ ಅರಸೀಕೆರೆಗೆ ಹೋಗಿ ಅಲ್ಲಿಂದ ಹಾಸನದ ಕಡೆ ತಿರುಗಿದರೆ ಹಾರನಹಳ್ಳಿಯ ಲಕ್ಷ್ಮೀನರಸಿಂಹ ಗುಡಿ. ಹಳೇಬೀಡಿನ ಕಡೆ ಹೊರಟರೆ ನಡುದಾರಿಯಲ್ಲೇ ಜಾವಗಲ್ಲಿನ ಲಕ್ಷ್ಮೀನರಸಿಂಹ ಗುಡಿ. ಕಡೂರು, ಬೀರೂರು ದಾಟಿ ತರೀಕೆರೆಯತ್ತ ಹೋದರೆ ಅಮೃತಾಪುರದ ಅಮೃತೇಶ್ವರ. ಈ ಮೂರೂ ಕಡೆ ಕೆಲಸ ಮಾಡಿದವನು ರೂವಾರಿ ಮಲ್ಲಿತಮ್ಮ. ತಾನು ಕಡೆದ ಮೂರ್ತಿಯ ಪೀಠದಲ್ಲಿ ಒಮ್ಮೊಮ್ಮೆ ಪೂರ್ತಿ ಹೆಸರು, ಒಮ್ಮೊಮ್ಮೆ ಮೊದಲ ಒಂದೆರಡು ಅಕ್ಷರ ಕೆತ್ತಿ ಮುಂದಿನ ಕಲ್ಲಿಗೆ ಹೋದವನು. ಅವನು ಹುಟ್ಟಿದ ಊರು, ಮದುವೆ ಮಕ್ಕಳು, ಕೊನೆಗಾಲ ಯಾವುದರ ಸುದ್ದಿಯೂ ಉಳಿದಿಲ್ಲ. ಉಳಿದಿರುವುದು ಕೆಲಸ ಮತ್ತು ಅದರ ಕಾಲ.

ಆ ಕಾಲ ದೊಡ್ಡದು. ಅಮೃತೇಶ್ವರ ಗುಡಿ ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ್ದು. ಹಾರನಹಳ್ಳಿಯದು 1235ರ ಸುಮಾರಿನದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯದು 1246ರದು. ಕಾವೇರಿ ತೀರದ ಸೋಮನಾಥಪುರದ ಕೇಶವ ಗುಡಿ 1258ರ ಹೊತ್ತಿನದು, ಅಲ್ಲಂತೂ ಎಲ್ಲರಿಗಿಂತ ಹೆಚ್ಚು ಸಲ ಕಾಣುವ ಹೆಸರು ಇವನದೇ. ಈ ಸಹಿಗಳೆಲ್ಲ ಒಬ್ಬನವೇ ಎಂಬುದು ಹೊಯ್ಸಳ ಶಿಲ್ಪವನ್ನು ಅಭ್ಯಾಸ ಮಾಡಿದ ಬಹುಪಾಲು ವಿದ್ವಾಂಸರು ಒಪ್ಪುವ ಮಾತು. ಅದನ್ನು ಒಪ್ಪಿದರೆ ಅರವತ್ತು ವರ್ಷ ಮೀರಿದ ಕಸುಬು. ಹದಿನೆಂಟು ಇಪ್ಪತ್ತರ ಹರೆಯದಲ್ಲಿ ಉಳಿ ಹಿಡಿದಿದ್ದರೂ ಸೋಮನಾಥಪುರದಲ್ಲಿ ಅವನಿಗೆ ಎಂಬತ್ತು ದಾಟಿರಬೇಕು. ಸರಾಸರಿ ಆಯಸ್ಸು ತೀರ ಕಡಿಮೆಯಿದ್ದ, ಬರ, ರೋಗ, ಯುದ್ಧ ಎಲ್ಲವೂ ಇದ್ದ ಕಾಲದಲ್ಲಿ ಅದು ಹೇಗೆ ಸಾಧ್ಯವಾಯಿತು?

ಈ ಪ್ರಶ್ನೆಯನ್ನು ನಾನು ಶಿಲ್ಪಿಗಳಿಗಾಗಿ ಮಾತ್ರ ಕೇಳುತ್ತಿಲ್ಲ. ಹಾಡು ಕಟ್ಟುವವರು, ಪದ ಬರೆಯುವವರು, ರಾಗ ಹಾಕುವವರು, ಚಿತ್ರ ಬರೆಯುವವರು ಎಲ್ಲರ ಬದುಕಿನ ನಡುವಯಸ್ಸಿನಲ್ಲಿ ಬಂದು ನಿಲ್ಲುವ ಪ್ರಶ್ನೆ ಇದೇ. ಇಪ್ಪತ್ತೈದರಲ್ಲಿ ಒಂದು ಒಳ್ಳೆಯ ಹಾಡು ಬರೆದವರು ನಮ್ಮ ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅರವತ್ತೈದರಲ್ಲೂ ಬರೆಯುತ್ತಿರುವವರು ಎಷ್ಟು ಜನ? ನಡುವೆ ನಿಂತುಹೋದವರಿಗೆ ಪ್ರತಿಭೆ ಇರಲಿಲ್ಲವೆಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ದೀರ್ಘಕಾಲ ಸೃಷ್ಟಿಸಿದವರ ಬದುಕುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಆ ತೀರ್ಮಾನ ನಿಲ್ಲುವುದಿಲ್ಲ. ಅವರ ಹಿಂದೆ ನಿಲ್ಲದೆ ಬರುತ್ತಿದ್ದ ಕೆಲಸವಿತ್ತು, ಜೊತೆಗೆ ಕೈಗೂಡಿಸುವ ಜನರಿದ್ದರು, ಹೊಟ್ಟೆಗೆ ಒಂದು ದಾರಿಯಿತ್ತು. ಈ ಮೂರರಲ್ಲಿ ಒಂದಾದರೂ ಇಲ್ಲದ ದೀರ್ಘ ಕಲಾಜೀವನ ನನ್ನ ಕಣ್ಣಿಗೆ ಬಿದ್ದಿಲ್ಲ.

ಕನ್ನಡದ ಜನಮನಸ್ಸು ಶಿಲ್ಪಿ ಎಂದಕೂಡಲೇ ನೆನೆಯುವುದು ಮಲ್ಲಿತಮ್ಮನನ್ನಲ್ಲ, ಜಕಣಾಚಾರಿಯನ್ನು. ಬೇಲೂರಿನ ವಿಗ್ರಹದಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳಿದ್ದು, ಕಲ್ಲಿನ ಹೊಟ್ಟೆಯಿಂದ ಕಪ್ಪೆ ಹೊರಬಂದದ್ದು, ಜಕಣಾಚಾರಿ ತನ್ನ ಬಲಗೈ ಕತ್ತರಿಸಿಕೊಂಡದ್ದು, ಆ ಹುಡುಗ ಸ್ವಂತ ಮಗ ಡಂಕಣನೆಂದು ತಿಳಿದದ್ದು, ಕೈದಾಳದಲ್ಲಿ ಕೈ ಮರಳಿ ಬಂದದ್ದು: ಈ ಕಥೆ ಎಷ್ಟು ಗಟ್ಟಿಯೆಂದರೆ 1964ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಗಿ ಬಿ.ಎಸ್. ರಂಗಾ ತೆಗೆದದ್ದು ‘ಅಮರಶಿಲ್ಪಿ ಜಕಣಾಚಾರಿ’ಯನ್ನೇ. ಆದರೆ ಶಾಸನಗಳಲ್ಲಿ, ಮೂರ್ತಿಗಳ ಪೀಠಗಳಲ್ಲಿ ಜಕಣಾಚಾರಿ ಇಲ್ಲ. ಅಲ್ಲಿರುವವರು ಬಳ್ಳಿಗಾವೆಯಿಂದ ಬೇಲೂರಿಗೆ ಬಂದು ಮದನಿಕೆಯರನ್ನು ಕಡೆದ ದಾಸೋಜ, ಅವನ ಮಗ ಚಾವಣ, ನಂದಿಯ ಬೈಚೋಜ, ಮಲ್ಲಿತಮ್ಮ, ಮಸಣಿತಮ್ಮ, ಚಾಮಯ್ಯ, ರಾಮಯ್ಯ. ಕಥೆಯ ಕಲಾವಿದ ಒಂಟಿ. ಒಂದು ದೋಷಕ್ಕೆ ಅವನ ಕೈಯೇ ಹೋಗುತ್ತದೆ. ಕಲ್ಲಿನ ಮೇಲಿನ ಕಲಾವಿದರು ಗುಂಪಿನಲ್ಲಿದ್ದವರು. ಒಂದು ಮೂರ್ತಿ ಸಾಧಾರಣವಾದರೆ ಮುಂದಿನದು ಕಾದಿರುತ್ತಿತ್ತು. ಜಕಣಾಚಾರಿಯ ಕಥೆಯನ್ನು ನಾನೂ ಪ್ರೀತಿಸುತ್ತೇನೆ. ಬರೆಯಲು ಕೂತ ಹುಡುಗ ಹುಡುಗಿಯರು ಅದನ್ನೇ ಮಾದರಿ ಮಾಡಿಕೊಂಡಾಗ ಮಾತ್ರ ನನಗೆ ಸಂಕಟವಾಗುತ್ತದೆ.

ನುಗ್ಗೇಹಳ್ಳಿಯಲ್ಲಿ ಈ ವಿಷಯ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಅಲ್ಲಿನ ಗುಡಿಯ ಗೋಡೆಯ ಒಂದು ಮಗ್ಗುಲು ಬೈಚೋಜನದು, ಇನ್ನೊಂದು ಮಲ್ಲಿತಮ್ಮನದು. ಎರಡನ್ನೂ ಹೋಲಿಸಿದ ಕಲಾ ಇತಿಹಾಸಕಾರರು ನಯ, ನಿಲುವು, ಮುಖಭಾವದಲ್ಲಿ ಬೈಚೋಜನಿಗೆ ಒಂದು ತೂಕ ಹೆಚ್ಚು ಕೊಡುತ್ತಾರೆ. ಮಲ್ಲಿತಮ್ಮ ಆ ಕಾಲದ ಅತ್ಯಂತ ನಾಜೂಕಿನ ಶಿಲ್ಪಿಯಲ್ಲ. ಅತ್ಯಂತ ಹೆಚ್ಚು ಕಾಲ, ಅತ್ಯಂತ ಹೆಚ್ಚು ಊರುಗಳಲ್ಲಿ ಕರೆ ಪಡೆದವನು. ಕರೆಯುವವರಿಗೆ ಅವನ ಮೇಲಿದ್ದ ನಂಬಿಕೆ ಏನೆಂದು ಊಹಿಸುವುದು ಕಷ್ಟವಲ್ಲ. ಹೇಳಿದ ಹೊತ್ತಿಗೆ ಬರುತ್ತಾನೆ, ಗುಂಪನ್ನು ಕಟ್ಟಿಕೊಂಡು ಹೋಗುತ್ತಾನೆ, ಹಿಡಿದ ಗೋಡೆಯನ್ನು ಮುಗಿಸುತ್ತಾನೆ. ಅದೇ ಇಪ್ಪತ್ತನಾಲ್ಕು ಕೇಶವರು, ಅದೇ ನರಸಿಂಹ, ಅದೇ ಕುಣಿವ ಸರಸ್ವತಿ. ಒಂದೇ ದೇವರನ್ನು ನೂರು ಸಲ ಕಡೆದರೆ ಕೈ ಬೇಸರಪಡುವುದಿಲ್ಲವೇ? ಬೇಸರಪಟ್ಟಿರಲೂಬಹುದು. ಆದರೆ ಏನು ಕಡೆಯಬೇಕೆಂಬ ಚಿಂತೆ ಅವನಿಗಿರಲಿಲ್ಲ, ಹೇಗೆ ಎಂಬುದಷ್ಟೇ ಇತ್ತು. ಇಂದು ಬರೆಯುವವರನ್ನು ಸುಸ್ತು ಮಾಡುವುದು ಬಹುಪಾಲು ಆ ಮೊದಲನೆಯ ಚಿಂತೆ.

ಹಾರನಹಳ್ಳಿಯ ಎರಡು ಗುಡಿಗಳನ್ನು ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರು. ನುಗ್ಗೇಹಳ್ಳಿಯದು ಬೊಮ್ಮಣ್ಣ ದಂಡನಾಯಕನದು. ಸೋಮನಾಥಪುರದ್ದು ಸೋಮನಾಥ ದಂಡನಾಯಕನದು. ಮಲ್ಲಿತಮ್ಮನನ್ನು ಅರವತ್ತು ವರ್ಷ ಸಾಕಿದ್ದು ಅರಮನೆಯ ಒಂದು ದೊಡ್ಡ ಸನ್ಮಾನವಲ್ಲ, ಊರೂರಿನ ನಡುಮಟ್ಟದ ಹಣವಂತರು ಒಬ್ಬರಾದ ಮೇಲೊಬ್ಬರು ಕೊಟ್ಟ ಕೆಲಸ.

ಅಮೃತಾಪುರದಲ್ಲಿ ಇನ್ನೊಂದು ಸಂಗತಿಯಿದೆ, ನನಗೆ ಬಹಳ ಇಷ್ಟವಾದದ್ದು. ಗುಡಿಯ ಮುಂಭಾಗದ ದೊಡ್ಡ ಶಾಸನದ ಪದ್ಯಗಳನ್ನು ಬರೆದವನು ಜನ್ನ. ಕಲ್ಲಿನಲ್ಲಿ ಮಲ್ಲಿತಮ್ಮ ಮೊದಲು ಕಾಣಿಸಿಕೊಳ್ಳುವ ಜಾಗದಲ್ಲೇ ಕವಿ ಜನ್ನನ ಆರಂಭದ ಬರವಣಿಗೆಯೂ ಇದೆ. ಇಬ್ಬರೂ ಆಗ ಎಳೆಯರು. ಜನ್ನ ‘ಯಶೋಧರ ಚರಿತೆ’ ಬರೆದದ್ದು 1209ರಲ್ಲಿ, ‘ಅನಂತನಾಥ ಪುರಾಣ’ ಮುಗಿಸಿದ್ದು 1230ರಲ್ಲಿ. ಒಂದು ಬಹುಪಾಲು ಬರೀ ಕಂದಪದ್ಯಗಳಲ್ಲಿ ಹೆಣೆದ ಬಿಗಿಯಾದ ಕಿರುಕಾವ್ಯ, ಇನ್ನೊಂದು ವಿಸ್ತಾರವಾದ ಚಂಪೂ. ಎರಡರ ನಡುವೆ ಇಪ್ಪತ್ತೊಂದು ವರ್ಷ. ಅಷ್ಟು ದಿನ ಅವನು ಸುಮ್ಮನಿದ್ದನೇ? ಆಸ್ಥಾನದ ಹೊಣೆಗಳಿದ್ದವು, ಎರಡನೆಯ ವೀರಬಲ್ಲಾಳನ ಕಾಲ ಮುಗಿದು ಎರಡನೆಯ ನರಸಿಂಹನ ಕಾಲ ಬಂದಿತ್ತು. ದೊಡ್ಡ ಕೃತಿಗಳ ನಡುವಿನ ಈ ಬಗೆಯ ಅಂತರವನ್ನು ನಾವು ‘ಬರಡು ಕಾಲ’ ಎಂದು ಕರೆದು ಕವಿಗೆ ಅನ್ಯಾಯ ಮಾಡುತ್ತೇವೆ. ಶಾಸನಕ್ಕೆ ಪದ್ಯ ಬರೆದುಕೊಡುವಂಥ ಚಿಲ್ಲರೆ ಕೆಲಸವೂ ಕೈಯನ್ನು ಹದದಲ್ಲಿ ಇಡುತ್ತದೆ.

ಅವನ ಮನೆಯನ್ನೂ ನೋಡಬೇಕು. ತಂದೆ ಸುಮನೋಬಾಣ ವಿದ್ವಾಂಸ. ಅಕ್ಕತಂಗಿಯ ಗಂಡ ಮಲ್ಲಿಕಾರ್ಜುನ 1245ರ ಸುಮಾರಿಗೆ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದವನು, ಕನ್ನಡ ಪದ್ಯಗಳ ಮೊದಲ ದೊಡ್ಡ ಸಂಕಲನ ಅದು. ಸೋದರಳಿಯ ಕೇಶಿರಾಜ 1260ರ ಆಸುಪಾಸಿನಲ್ಲಿ ‘ಶಬ್ದಮಣಿದರ್ಪಣ’ ಬರೆದ. ಕಾವ್ಯ, ಸಂಕಲನ, ವ್ಯಾಕರಣ ಮೂರೂ ಒಂದೇ ಕುಟುಂಬದಿಂದ, ಎರಡು ತಲೆಮಾರಿನಲ್ಲಿ. ಬರೆದದ್ದನ್ನು ಓದಿ ತಿದ್ದುವವರು ಮನೆಯೊಳಗೇ ಇದ್ದರು ಎಂಬುದು ಸಣ್ಣ ಭಾಗ್ಯವಲ್ಲ.

ಇದಕ್ಕೆ ಎದುರಾಗಿ ಹರಿಹರನ ದಾರಿಯಿದೆ. ಹಳೇಬೀಡಿನಲ್ಲಿ ಕರಣಿಕನಾಗಿದ್ದ ಅವನು ಲೆಕ್ಕ ಬರೆಯುವ ಕೆಲಸ ಬಿಟ್ಟು ಹಂಪೆಗೆ ಹೋಗಿ ವಿರೂಪಾಕ್ಷನ ಸನ್ನಿಧಿಯಲ್ಲಿ ನಿಂತ ಎಂದು ಪರಂಪರೆ ಹೇಳುತ್ತದೆ. ಕೆಲಸ ಬಿಟ್ಟರೇ ಕಲೆ ಎಂದು ನಂಬುವವರು ಇವನ ಹೆಸರು ಹೇಳುವುದುಂಟು. ಆದರೆ ಹರಿಹರ ಬಿಟ್ಟದ್ದು ರಾಜನ ಆಶ್ರಯವನ್ನು, ಸೇರಿದ್ದು ಭಕ್ತರ ದೊಡ್ಡ ಬಳಗವನ್ನು. ಚಂಪೂವಿನಲ್ಲಿ ‘ಗಿರಿಜಾಕಲ್ಯಾಣ’ ಬರೆದವನು ಶರಣರ ಚರಿತ್ರೆಗಳಿಗಾಗಿ ರಗಳೆಯ ಓಟವನ್ನು ಆರಿಸಿಕೊಂಡ. ಕೇಳುವ ಜನ ಬದಲಾದರು, ರೂಪವೂ ಬದಲಾಯಿತು. ಅವನ ಸೋದರಳಿಯ ರಾಘವಾಂಕ ಷಟ್ಪದಿಗೆ ಹೋದ. ದೀರ್ಘಕಾಲ ಬರೆದವರಲ್ಲಿ ನಡುವಯಸ್ಸಿನ ಈ ತಿರುವು ಮತ್ತೆ ಮತ್ತೆ ಕಾಣುತ್ತದೆ.

ಕಲ್ಲಿನ ಮೇಲಿನ ಸಹಿ ಉಳಿಯುತ್ತದೆ, ಹಾಡಿನದು? ನಮ್ಮ ಹರಿದಾಸರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಹಾಡಿನ ಕೊನೆಯ ನುಡಿಯಲ್ಲಿ ಅಂಕಿತ ಸೇರಿಸಿದರೆ ಹಾಡುವವರು ಬಯಸಿದರೂ ಬಯಸದಿದ್ದರೂ ಕಟ್ಟಿದವರ ಗುರುತು ಬಾಯಿಂದ ಬಾಯಿಗೆ ಹೋಗುತ್ತದೆ. ಪುರಂದರದಾಸರು, ಕನಕದಾಸರು, ವಾದಿರಾಜರ ಕಾಲದಲ್ಲೇ ಬೇಲೂರಿನಲ್ಲಿ ವೈಕುಂಠದಾಸರಿದ್ದರು. ಚೆನ್ನಕೇಶವನ ಊರಿನಲ್ಲೇ ನೆಲೆನಿಂತು ಹಾಡು ಕಟ್ಟಿದವರು. ದಾಸರ ಬದುಕಿಗೆ ಮಾಧುಕರ ವೃತ್ತಿಯಿತ್ತು. ಬೆಳಗಾದರೆ ಬೀದಿ, ಬೀದಿಗೊಂದು ಹಾಡು. ದಿನವೂ ಹಾಡಲೇಬೇಕಾದ್ದರಿಂದ ದಿನವೂ ಕಟ್ಟುವ ಒತ್ತಾಯ. ಭಕ್ತಿಯ ಜೊತೆಗೆ ಈ ದಿನಚರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ದಾಸಸಾಹಿತ್ಯದ ಆ ರಾಶಿಯನ್ನು ವಿವರಿಸಲಾಗದು.

ಹಾಡು ಕಟ್ಟುವವರಲ್ಲಿ ಮಲ್ಲಿತಮ್ಮನಿಗೆ ಸಮನಾದ ದೀರ್ಘಾಯು ಯಾರೆಂದು ಕೇಳಿದರೆ ನಾನು ಮೈಸೂರು ವಾಸುದೇವಾಚಾರ್ಯರ ಹೆಸರು ಹೇಳುತ್ತೇನೆ. ಹುಟ್ಟಿದ್ದು 1865, ತೀರಿಕೊಂಡದ್ದು 1961. ಎಳೆಯದರಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಮೈಸೂರು ಅರಮನೆ ವಿದ್ಯಾರ್ಥಿವೇತನ ಕೊಟ್ಟು ತಿರುವಯ್ಯಾರಿನ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಬಳಿಗೆ ಕಳಿಸಿತು. ಮರಳಿ ಬಂದು ಆಸ್ಥಾನ ವಿದ್ವಾಂಸರಾದರು, ಕೃತಿಗಳನ್ನು ರಚಿಸಿದರು, ಶಿಷ್ಯರನ್ನು ತಯಾರು ಮಾಡಿದರು. ಇಷ್ಟರಲ್ಲೇ ಮುಗಿದಿದ್ದರೂ ತುಂಬು ಬದುಕೇ. ಆದರೆ ಅರಮನೆಯ ಕಾಲ ಮುಗಿಯಿತು. ಸಂಸ್ಥಾನ ಹೋಗಿ ರಾಜ್ಯ ಬಂತು. ಆಸ್ಥಾನವೇ ಇಲ್ಲವಾದಾಗ ಆಸ್ಥಾನ ವಿದ್ವಾಂಸನಿಗೆ ಏನು ಕೆಲಸ?

ಎಂಬತ್ತು ದಾಟಿದ ಮೇಲೆ ಅವರು ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು, ರುಕ್ಮಿಣೀದೇವಿ ಅರುಂಡೇಲ್ ಕರೆದದ್ದಕ್ಕೆ. ವಾಲ್ಮೀಕಿ ರಾಮಾಯಣವನ್ನು ನೃತ್ಯನಾಟಕಗಳ ಸರಣಿಯಾಗಿ ರಂಗಕ್ಕೆ ತರುವ ಯೋಜನೆಗೆ ಸಂಗೀತ ಬೇಕಿತ್ತು. ಅದುವರೆಗೆ ಕೃತಿ ರಚಿಸಿದ್ದವರು ಕುಣಿಯುವ ಕಾಲಿಗೆ, ಕಥೆಯ ಸನ್ನಿವೇಶಕ್ಕೆ, ಇನ್ನೊಬ್ಬರ ಶ್ಲೋಕಕ್ಕೆ ರಾಗ ಹಾಕಬೇಕಾಯಿತು. ತೊಂಬತ್ತರ ಆಸುಪಾಸಿನ ಮನುಷ್ಯನಿಗೆ ಇದು ಹೊಸ ವಿದ್ಯೆ. ಆರು ಭಾಗಗಳಲ್ಲಿ ನಾಲ್ಕಕ್ಕೆ ಸಂಗೀತ ಹಾಕಿ ಅವರು ತೀರಿಕೊಂಡರು. ಉಳಿದದ್ದನ್ನು ಅವರ ಬಳಿಯೇ ಬೆಳೆದ ಮೊಮ್ಮಗ ಎಸ್. ರಾಜಾರಾಂ ಪೂರ್ತಿ ಮಾಡಿದರು. ನಡುವೆ ತಾವು ಕಂಡ ಕಲಾವಿದರ ಬಗ್ಗೆ, ತಮ್ಮ ನೆನಪುಗಳ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನೂ ಬರೆದರು. ‘ನಾ ಕಂಡ ಕಲಾವಿದರು’ ಓದಿದವರಿಗೆ ಗೊತ್ತು, ಆ ಬರಹದಲ್ಲಿ ಸ್ವಂತದ ಬಡಾಯಿ ಇಲ್ಲ, ಇತರರ ಸಂಗೀತವನ್ನು ನೆನೆಯುವ ಸಂತೋಷವೇ ತುಂಬಿದೆ. ಅವರನ್ನು ಅಷ್ಟು ದಿನ ಹಾಡಿಸಿದ್ದರಲ್ಲಿ ಈ ಗುಣಕ್ಕೂ ಪಾಲಿದೆ ಎಂದು ನಾನು ನಂಬುತ್ತೇನೆ. ಇನ್ನೊಬ್ಬರ ಕೆಲಸಕ್ಕೆ ಕಿವಿ ತೆರೆದಿರುವವರಿಗೆ ಒಳಗಿನ ಊಟೆ ಬೇಗ ಬತ್ತುವುದಿಲ್ಲ.

ಬಾಣಾವರದಿಂದ ಬೆಂಗಳೂರಿನ ಕಡೆ ಬಿ.ಎಚ್. ರಸ್ತೆಯಲ್ಲೇ ಹೋದರೆ ತಿಪಟೂರು ದಾಟಿ ಗುಬ್ಬಿ ಸಿಗುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಊರು. ಕಂಪನಿ ನಾಟಕಗಳಿಗೆ ಹಾಡು, ಮಾತು ಬರೆದವರಲ್ಲಿ ದೊಡ್ಡ ಹೆಸರು ತುಮಕೂರು ಸೀಮೆಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. 1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಬಂದಾಗ ಅದಕ್ಕೂ ಹಾಡು ಮತ್ತು ಸಂಭಾಷಣೆ ಬರೆದವರು ಅವರೇ. ನಾಟಕದ ಮಟ್ಟುಗಳಿಗೆ ಪದ ಕೂರಿಸಿ ಪಳಗಿದ್ದ ಕೈ ಹೊಸ ಯಂತ್ರ ಬಂದಾಗ ತಡವರಿಸಲಿಲ್ಲ. ಕಂಪನಿ ಎಂದರೆ ಊರೂರಲ್ಲಿ ಮೊಕ್ಕಾಂ, ರಾತ್ರಿ ರಾತ್ರಿ ಪ್ರಯೋಗ. ಯಾವ ಹಾಡಿಗೆ ಒನ್ಸ್ ಮೋರ್ ಬಂತು, ಯಾವುದಕ್ಕೆ ಜನ ಬೀಡಿ ಸೇದಲು ಎದ್ದರು ಎಂಬುದು ಬರೆದವನಿಗೆ ಅದೇ ರಾತ್ರಿ ತಿಳಿಯುತ್ತಿತ್ತು.

ನೌಕರಿಯ ನೆರಳಿನಲ್ಲಿ ಬರೆದವರ ದಾರಿ ಬೇರೆ. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಕಿಕ್ಕೇರಿ ಕೂಡ ಹೊಯ್ಸಳರ ಗುಡಿಯಿರುವ ಊರೇ. 1942ರಲ್ಲಿ ‘ಮೈಸೂರು ಮಲ್ಲಿಗೆ’ ಬಂದಾಗ ಅವರಿಗೆ ಇಪ್ಪತ್ತೇಳು. ಅದೊಂದೇ ಪುಸ್ತಕದಿಂದ ಮನೆಮಾತಾದವರು ಬಾಳೆಲ್ಲ ಅದರದೇ ಪ್ರತಿಧ್ವನಿ ಬರೆಯುತ್ತ ಕೂರಬಹುದಿತ್ತು, ಓದುಗರು ಬೇಡವೆನ್ನುತ್ತಿರಲಿಲ್ಲ. ಅವರು ಸರ್ಕಾರಿ ಗುಮಾಸ್ತಿಕೆ ಮಾಡಿಕೊಂಡು, ಸಂಸಾರದ ತಾಪತ್ರಯದ ನಡುವೆ, 1958ರ ‘ಶಿಲಾಲತೆ’ಗೆ, 1972ರ ‘ತೆರೆದ ಬಾಗಿಲಿ’ಗೆ ನಡೆದರು. ದನಿ ತಗ್ಗಿತು, ಪ್ರತಿಮೆ ಗಂಭೀರವಾಯಿತು. 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ತೆರೆದ ಬಾಗಿಲಿ’ಗೆ. ನಾಗಾಭರಣರ ‘ಮೈಸೂರು ಮಲ್ಲಿಗೆ’ ಚಿತ್ರದ ಹಾಡುಗಳಿಗೆ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ಸಿಕ್ಕಿದಾಗ ಆ ಪದ್ಯಗಳಿಗೆ ಸುಮಾರು ಐವತ್ತು ವರ್ಷ, ಕವಿಗೆ ಎಪ್ಪತ್ತೈದು ದಾಟಿತ್ತು. ನಡುವೆ ಆ ಪದ್ಯಗಳನ್ನು ಬದುಕಿಸಿದವರು ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದ ಸ್ವರ ಹಾಕಿದವರು, ಆಕಾಶವಾಣಿ, ಆಮೇಲೆ ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಕನ್ನಡದ ಕವಿಗಳಿಗೆ ಹಾಡಿನ ಇನ್ನೊಂದು ಬದುಕು ತೆರೆಯಿತು. ನಿಸಾರರೂ ಭೂವಿಜ್ಞಾನದ ಮೇಷ್ಟರಾಗಿ ಸಂಬಳ ಪಡೆದವರು. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದವರು. ನೌಕರಿ ಕಲೆಯನ್ನು ತಿಂದುಹಾಕುತ್ತದೆ ಎಂಬ ಮಾತು ಕೇಳಲು ಚೆನ್ನಾಗಿದೆ. ಕನ್ನಡದ ಭಾವಗೀತೆಯ ಚರಿತ್ರೆ ಬಹುಪಾಲು ಅದಕ್ಕೆ ವಿರುದ್ಧವಾಗಿದೆ.

ಬೇಲೂರಿನ ಮದನಿಕೆಯರನ್ನು ಹಾಡಿಗೆ ತಂದವರು ಡಿ.ವಿ. ಗುಂಡಪ್ಪ. ಪತ್ರಿಕೆ, ರಾಜಕೀಯ, ಸಾರ್ವಜನಿಕ ಕೆಲಸದಲ್ಲಿ ಮುಳುಗಿದ್ದ ಮನುಷ್ಯ ‘ಅಂತಃಪುರ ಗೀತೆ’ಯಲ್ಲಿ ಒಬ್ಬೊಬ್ಬ ಶಿಲಾಬಾಲಿಕೆಯ ಭಂಗಿಗೂ ಒಂದೊಂದು ಹಾಡು ಬರೆದು ರಾಗವನ್ನೂ ಸೂಚಿಸಿದರು. ‘ಮಂಕುತಿಮ್ಮನ ಕಗ್ಗ’ ಹೊರಬಂದದ್ದು 1943ರಲ್ಲಿ, ಅವರ ಐವತ್ತಾರರಲ್ಲಿ. ‘ಮರುಳ ಮುನಿಯನ ಕಗ್ಗ’ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ. ಎಲ್ಲರೂ ಕಂಠಪಾಠ ಮಾಡುವ ಅವರ ಪದ್ಯಗಳು ಐವತ್ತರ ಆಚೆಯವು ಎಂಬುದನ್ನು, ಮೂವತ್ತಕ್ಕೇ ತಮ್ಮ ಕಥೆ ಮುಗಿಯಿತೆಂದು ಕೊರಗುವ ತರುಣರಿಗೆ ನೆನಪಿಸಬೇಕು.

ಸಿನಿಮಾ ಹಾಡಿನ ಲೋಕದಲ್ಲಿ ಕೆಲಸಕ್ಕೆ ಬರವಿರಲಿಲ್ಲ, ಆದರೆ ಅಲ್ಲಿನ ವೇಗ ಬೇರೆ. ಚಿ. ಸದಾಶಿವಯ್ಯನವರ ಮಗ ಚಿ. ಉದಯಶಂಕರ್ ತಂದೆಯ ಕಸುಬನ್ನೇ ಹಿಡಿದು ಸಾವಿರಾರು ಹಾಡು ಬರೆದರು. ಮಟ್ಟು ಕೇಳಿದ ಕೂಡಲೇ ಪಲ್ಲವಿ ಹೇಳುತ್ತಿದ್ದರೆಂದು ಜೊತೆಗೆ ಕೆಲಸ ಮಾಡಿದವರೆಲ್ಲ ನೆನೆಯುತ್ತಾರೆ. 1993ರಲ್ಲಿ ಅವರು ಹೋದಾಗ ವಯಸ್ಸು ಐವತ್ತೊಂಬತ್ತು. ದಾಸೋಜ ಚಾವಣರಂತೆ ಇದೂ ತಂದೆ ಮಗನ ಕಸುಬು, ಇಲ್ಲೂ ಕರೆ ನಿಲ್ಲಲಿಲ್ಲ. ಆದರೆ ಹಾಡು ಬರೆದವರಿಗೆ ಸಿಗುತ್ತಿದ್ದದ್ದು ಒಂದು ಸಲದ ಸಂಭಾವನೆ. 1957ರ ಕೃತಿಸ್ವಾಮ್ಯ ಕಾಯ್ದೆಯನ್ನು 1977ರಲ್ಲಿ ಸುಪ್ರೀಂ ಕೋರ್ಟು ಅರ್ಥೈಸಿದ ರೀತಿಯಲ್ಲಿ, ಸಿನಿಮಾಕ್ಕೆಂದು ಬರೆಸಿದ ಹಾಡಿನ ಹಕ್ಕು ನಿರ್ಮಾಪಕರದಾಯಿತು. ಮೂವತ್ತೈದು ವರ್ಷ ಕಳೆದು, 2012ರ ತಿದ್ದುಪಡಿಯಲ್ಲಿ, ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ಗೌರವಧನದಲ್ಲಿ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ಬಿಟ್ಟುಕೊಡಲಾಗದ ಪಾಲು ಎಂದು ಬರೆಯಲಾಯಿತು. ರಾಜ್ಯಸಭೆಯಲ್ಲಿ ಅದಕ್ಕಾಗಿ ಗಟ್ಟಿ ದನಿ ಎತ್ತಿದವರು ಸ್ವತಃ ಹಾಡು ಬರೆಯುವ ಜಾವೇದ್ ಅಖ್ತರ್. ಬರೆದವರು ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಕುಟುಂಬಕ್ಕಿರುತ್ತದೆ. ನಡುವಿನ ಮೂವತ್ತೈದು ವರ್ಷಗಳಲ್ಲಿ ಮುಪ್ಪಾದವರಿಗೆ, ಊರೆಲ್ಲ ತಮ್ಮ ಹಾಡು ಕೇಳಿಸುತ್ತಿದ್ದರೂ ಮನೆಗೆ ಏನೂ ಬಾರದವರಿಗೆ, ಈ ಕಾನೂನು ತಡವಾಗಿ ಬಂತು. ಈಗಲೂ ಹಳ್ಳಿಯ ಕಡೆ ಬರೆಯುವ ಎಷ್ಟೋ ಜನ ಹಕ್ಕು ಸಂಗ್ರಹಿಸುವ ಸೊಸೈಟಿಯ ಸದಸ್ಯರಾಗಿಲ್ಲ. ತಾವು ಬರೆದ ದೇವರ ಹಾಡನ್ನು ಯಾರೋ ಯೂಟ್ಯೂಬಿಗೆ ಹಾಕಿ ಹಣ ಮಾಡುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ.

ಕಾನೂನು ಕೈಚಾಚದ ಇನ್ನೊಂದು ದೊಡ್ಡ ಲೋಕವಿದೆ. ಸೋಬಾನೆ, ರಾಗಿ ಬೀಸುವ ಪದ, ನಾಟಿ ಪದ, ತೊಟ್ಟಿಲ ಪದಗಳನ್ನು ಕಟ್ಟಿ ಬೆಳೆಸಿದ ಹೆಂಗಸರು. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ನೆನಪಿನಲ್ಲಿದ್ದದ್ದು ಸಾವಿರಾರು ಹಾಡು. ಅಂಕೋಲೆಯ ಸುಕ್ರಿ ಬೊಮ್ಮಗೌಡ 2017ರಲ್ಲಿ ಪದ್ಮಶ್ರೀ ಪಡೆದು, 2025ರಲ್ಲಿ ತೀರಿಕೊಳ್ಳುವವರೆಗೂ ಹಾಲಕ್ಕಿ ಹಾಡುಗಳ ಕಣಜವಾಗಿದ್ದರು. ಹಾಸನ ಜಿಲ್ಲೆಯವರೇ ಆದ ಸಕಲೇಶಪುರದ ಎಸ್.ಕೆ. ಕರೀಂ ಖಾನ್ ಸಿನಿಮಾಕ್ಕೆ ಹಾಡು ಬರೆಯುತ್ತಲೇ ಇಂಥ ಹಾಡುಗಳನ್ನು ಹಳ್ಳಿ ಹಳ್ಳಿ ಅಲೆದು ಕೂಡಿಟ್ಟರು. 2006ರಲ್ಲಿ ಅವರು ಹೋದಾಗ ತೊಂಬತ್ತು ದಾಟಿತ್ತು. ಈ ಹೆಂಗಸರು ತಾವು ಹೊಸ ನುಡಿ ಸೇರಿಸಿದ್ದನ್ನು ‘ರಚನೆ’ ಎಂದು ಕರೆಯುವುದಿಲ್ಲ. ಮದುವೆಯ ಮನೆಯಲ್ಲಿ ಬೀಗರ ಹೆಸರು, ಊರಿನ ಹೆಸರು, ಅಂದಿನ ಸುದ್ದಿ ಸೇರಿ ಹಾಡು ಅಲ್ಲೇ ಬೆಳೆಯುತ್ತದೆ. ಎಂಬತ್ತರ ಅಜ್ಜಿಯೊಬ್ಬಳು ಇಂದಿಗೂ ಹೊಸ ಸೊಲ್ಲು ಹೇಳಬಲ್ಲಳೆಂದರೆ ಅವಳ ಹಿಂದೆ ಸೊಲ್ಲಿಗೆ ದನಿಗೂಡಿಸುವ ನಾಲ್ಕು ಹೆಂಗಸರು ಇರುವುದರಿಂದ. ಆ ನಾಲ್ವರು ಇಲ್ಲವಾದ ಊರಿನಲ್ಲಿ ಅಜ್ಜಿಯ ಹಾಡು ನಿಂತುಹೋಗುತ್ತದೆ. ಗಿರಣಿ ಬಂದು ಬೀಸುವ ಪದ ಹೋದದ್ದು ಸಹಜ. ಮದುವೆ ಕಲ್ಯಾಣಮಂಟಪಕ್ಕೆ ಹೋಗಿ, ಧ್ವನಿವರ್ಧಕದವರು ಮೆಮೊರಿ ಕಾರ್ಡಿನ ಹಾಡು ಹಾಕತೊಡಗಿದ ಮೇಲೆ ಸೋಬಾನೆಯೂ ಹೋಗುತ್ತಿರುವುದು ಮಾತ್ರ ನಾವು ಮನಸ್ಸು ಮಾಡಿದರೆ ತಡೆಯಬಹುದಾದ ನಷ್ಟ.

ಬಾಣಾವರ, ಅರಸೀಕೆರೆ, ಕಡೂರಿನ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಉಸಿರಾಡುತ್ತಿರುವುದು ಪೌರಾಣಿಕ ನಾಟಕ. ‘ಕುರುಕ್ಷೇತ್ರ’ವೋ ‘ದಕ್ಷಯಜ್ಞ’ವೋ, ಪಾತ್ರಧಾರಿಗಳೇ ದುಡ್ಡು ಹಾಕಿ, ತಿಂಗಳುಗಟ್ಟಲೆ ತಾಲೀಮು ಮಾಡಿ, ಸೀನರಿ ತರಿಸಿ ಬೆಳಗಿನವರೆಗೆ ಆಡುತ್ತಾರೆ. ಇದರ ನಡುಗಂಬ ಹಾರ್ಮೋನಿಯಂ ಮೇಷ್ಟ್ರು. ಹೊಲದ ಕೆಲಸ ಮುಗಿಸಿ ಬಂದ ಗಂಡಸರ ಬಾಯಲ್ಲಿ ಕಂದ, ಸೀಸ, ರಂಗಗೀತೆ ಹೇಳಿಸುವವರು, ಶ್ರುತಿಗೆ ನಿಲ್ಲದ ಗಂಟಲಿಗೆ ತಕ್ಕಂತೆ ಮಟ್ಟನ್ನು ಇಳಿಸಿ ಕೊಡುವವರು, ಬೇಕಾದಲ್ಲಿ ಎರಡು ಸಾಲು ತಾವೇ ಕೂರಿಸುವವರು. ಒಂದು ಊರಿನ ನಾಟಕ ಮುಗಿದರೆ ಇನ್ನೊಂದು ಊರು. ಮಲ್ಲಿತಮ್ಮನ ಬದುಕಿನ ಕ್ರಮಕ್ಕೆ ಇಂದು ಅತ್ಯಂತ ಹತ್ತಿರವಿರುವವರು ಇವರೇ. ಎಪ್ಪತ್ತರ ಮೇಷ್ಟ್ರು ರಾತ್ರಿಯಿಡೀ ತಿದಿಯೊತ್ತುತ್ತ ಕೂತಿರುವುದನ್ನು ನೋಡಿದವರಿಗೆ ದೀರ್ಘ ಕಲಾಜೀವನವೆಂದರೇನು ಎಂದು ಬೇರೆ ವಿವರಿಸಬೇಕಾಗಿಲ್ಲ. ತಿಪಟೂರು, ಅರಸೀಕೆರೆಯ ಕೊಬ್ಬರಿ ಬೆಲೆ ಬಿದ್ದ ವರ್ಷ ನಾಟಕಗಳೂ ಕಡಿಮೆಯಾಗುತ್ತವೆ, ಮೇಷ್ಟ್ರ ಆದಾಯವೂ ಬೀಳುತ್ತದೆ.

ಸರ್ಕಾರದ ಕಡೆಯಿಂದ ಇವರಿಗೆ ಬರುವುದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ, ಅದೂ ಅರ್ಜಿ ಹಾಕಿ, ದಾಖಲೆ ಕೊಟ್ಟು, ಸಂದರ್ಶನ ಮುಗ್ಗರಿಸದೆ ದಾಟಿದರೆ. ಮಾಸಾಶನ ಬೇಕು, ಹೆಚ್ಚಬೇಕು ಕೂಡ. ಆದರೆ ಅದು ಕಲಾವಿದರ ಮುಪ್ಪನ್ನು ನೋಡಿಕೊಳ್ಳುವ ವ್ಯವಸ್ಥೆ, ಅವರ ಕಸುಬನ್ನು ಮುಂದುವರಿಸುವ ವ್ಯವಸ್ಥೆಯಲ್ಲ. ಪ್ರಶಸ್ತಿಯೂ ಅಷ್ಟೇ. ಶಾಲು ಹೊದಿಸಿ ಫಲಕ ಕೊಟ್ಟ ಮಾರನೆಯ ದಿನ ಕಲಾವಿದರಿಗೆ ಬೇಕಾಗಿರುವುದು ಮುಂದಿನ ಕೆಲಸ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಮ್ಮ ಜಿಲ್ಲೆ ಹಬ್ಬ ಮಾಡಿತು, ಮಾಡಬೇಕಾದ್ದೇ. ಆ ಗುಡಿಗಳನ್ನು ಕಟ್ಟಿದ್ದು ಪ್ರಶಸ್ತಿಯ ಹಣದಲ್ಲಲ್ಲ.

ಹಾಗಾಗಿ ನಾನು ಕೇಳುವುದು ಬೆಂಗಳೂರಿನ ಕಚೇರಿಗಳನ್ನಲ್ಲ, ಇಂದಿನ ಪೆದ್ದಣ್ಣ ಹೆಗ್ಗಡೆಗಳನ್ನು: ಜಾತ್ರಾ ಸಮಿತಿ, ಗಣಪತಿ ಸಮಿತಿ, ಹಾಲಿನ ಡೇರಿ, ಸಹಕಾರ ಸಂಘ, ಗ್ರಾಮ ಪಂಚಾಯಿತಿ, ಊರಿನ ಪ್ರೌಢಶಾಲೆ. ಆರ್ಕೆಸ್ಟ್ರಾ, ಡಿಜೆಗಳಿಗೆ ಪ್ರತಿವರ್ಷ ಕೊಡುವ ಹಣದ ಒಂದು ಪಾಲನ್ನು ಎತ್ತಿಟ್ಟು, ಈ ವರ್ಷದ ತೇರಿಗೆ ನಮ್ಮ ಹೋಬಳಿಯವರೇ ಬರೆದು ರಾಗ ಹಾಕಿದ ಒಂದು ಹೊಸ ಹಾಡು ಬೇಕು ಎಂದು ಮೊದಲೇ ಹೇಳಿ, ಮುಂಗಡ ಕೊಟ್ಟು ಬರೆಸಬಹುದು. ಹಾಡಿನ ಕೊನೆಯಲ್ಲಿ ಬರೆದವರ ಅಂಕಿತವಿರಲಿ, ಕರಪತ್ರದಲ್ಲಿ ಹೆಸರಿರಲಿ, ರೆಕಾರ್ಡು ಮಾಡಿದರೆ ಹಕ್ಕು ಅವರದೆಂದು ಒಂದು ಹಾಳೆಯಲ್ಲಿ ಬರೆದುಕೊಡಲಿ. ಮುಂದಿನ ವರ್ಷ ಮತ್ತೆ ಕರೆಯಲಿ. ಹಾಡು ಚೆನ್ನಾಗಿ ಬರಲಿಲ್ಲವಾದರೂ ಕರೆಯಲಿ, ಆಗ ಮೂರನೆಯ ವರ್ಷದ್ದು ಚೆನ್ನಾಗಿ ಬರಬಹುದು. ಹಾರ್ಮೋನಿಯಂ ಮೇಷ್ಟ್ರನ್ನು ವಾರಕ್ಕೊಂದು ದಿನ ಶಾಲೆಗೆ ಕರೆಸಿ ಮಕ್ಕಳಿಗೆ ರಂಗಗೀತೆ ಹೇಳಿಸಿದರೆ ಅವರಿಗೆ ಮಳೆಗಾಲದ ಆದಾಯವಾಗುತ್ತದೆ, ಮಕ್ಕಳಲ್ಲಿ ಒಬ್ಬಿಬ್ಬರು ತಿದಿ ಹಿಡಿಯಲು ಕಲಿಯುತ್ತಾರೆ. ಮದುವೆಯಲ್ಲಿ ಧಾರೆಗೆ ಮುಂಚೆ ಧ್ವನಿವರ್ಧಕವನ್ನು ಸ್ವಲ್ಪ ಹೊತ್ತು ಆರಿಸಿ ಸೋಬಾನೆಯವರನ್ನು ಕೂರಿಸಿ ಕೇಳಿ, ಎಲೆ ಅಡಿಕೆಯ ಜೊತೆ ತಕ್ಕ ಸಂಭಾವನೆಯನ್ನೂ ಕೊಡಬಹುದು. ಹಾರನಹಳ್ಳಿಯ ಆ ಅಣ್ಣತಮ್ಮಂದಿರು ಮಲ್ಲಿತಮ್ಮನನ್ನು ಕರೆದಾಗ ಅವನು ಕಸುಬಿಗೆ ಬಂದು ನಲವತ್ತು ವರ್ಷವಾಗುತ್ತಿತ್ತು, ಇನ್ನೂ ಇಪ್ಪತ್ತು ವರ್ಷದ ಕೆಲಸ ಅವನ ಕೈಯಲ್ಲಿ ಉಳಿದಿತ್ತು.